ಢಾಕಾದ ಸೋಲಿನ ಬಗ್ಗೆ ಗೆಳೆಯನಿಗೊಂದು ಪತ್ರ

ಬಳ್ಳಾರಿ
ನವೆಂಬರ್ 2025

ಪ್ರೀತಿಯ ಗೆಳೆಯ,

ಢಾಕಾದ ಫುಟ್‌ಬಾಲ್ ಪಂದ್ಯ ಮುಗಿದ ರಾತ್ರಿ ನೀನು ರಾಯಚೂರಿನಿಂದ ಕಳಿಸಿದ ಸಂದೇಶವನ್ನು ಮತ್ತೆ ಮತ್ತೆ ಓದಿದ್ದೇನೆ. ಬಾಂಗ್ಲಾದೇಶದ ಎದುರು ಸೋತ ಮೇಲೆ ಭಾರತದ ಈ ತಂಡವನ್ನು ಇನ್ನು ನೋಡುವುದೇ ಬೇಡ ಎಂದು ಬರೆದಿದ್ದೀಯ. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ನನ್ನದೂ ಅಷ್ಟೇ ಇತ್ತು. ಆದರೆ ನಿನ್ನ ಮಾತಿನಲ್ಲಿದ್ದ ಆಶ್ಚರ್ಯವನ್ನು ಮಾತ್ರ ನಾನು ಒಪ್ಪಲಾರೆ. ಈ ಸೋಲು ಬಹಳ ವರ್ಷಗಳಿಂದ ನಮ್ಮ ಬಾಗಿಲಲ್ಲೇ ನಿಂತಿತ್ತು ಎಂಬುದು ನನ್ನ ನಂಬಿಕೆ, ಅದನ್ನು ನಿನಗೆ ವಿವರವಾಗಿ ಹೇಳಬೇಕೆಂದೇ ಈ ಪತ್ರ.

ಪಂದ್ಯದ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ನೀನೂ ನೋಡಿದ್ದೀಯ. ನವೆಂಬರ್ 18ರಂದು, ಏಷ್ಯನ್ ಕಪ್ ಅರ್ಹತಾ ಸುತ್ತಿನ ಆ ಆಟದ 11ನೇ ನಿಮಿಷದಲ್ಲಿ, ಎಡಬದಿಯಿಂದ ನುಗ್ಗಿದ ಬಾಂಗ್ಲಾದೇಶದ ರಾಕಿಬ್ ಹುಸೇನ್ ಚೆಂಡನ್ನು ಗೋಲಿನ ಮುಂದಕ್ಕೆ ತಳ್ಳಿದರು, ಓಡಿ ಬಂದ ಶೇಖ್ ಮೊರ್ಸಾಲಿನ್ ಅದನ್ನು ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರನ್ನು ದಾಟಿಸಿ ಬಲೆಗೆ ಸೇರಿಸಿದರು. ಮೊದಲಾರ್ಧದಲ್ಲಿಯೇ ನಮ್ಮ ಲಾಲಿಯನ್‌ಜುವಾಲಾ ಛಾಂಗ್ಟೆ ಹೊಡೆದ ಚೆಂಡು ಗೋಲಿನ ಕಡೆಗೆ ಹೋಗುತ್ತಿದ್ದಾಗ ಅವರ ತಂಡದ ಹಮ್ಜಾ ಚೌಧರಿ ಹಿಂದಕ್ಕೆ ಓಡಿ ತಲೆಯಿಂದ ಅದನ್ನು ಹೊರದಬ್ಬಿದರು. ಆ ಮೇಲೆ ಎಷ್ಟು ಹೊತ್ತು ಆಡಿದರೂ ನಮಗೆ ಗೋಲು ಸಿಗಲಿಲ್ಲ. 1–0. ಮೊರ್ಸಾಲಿನ್ ಹೆಸರು ನಿನಗೆ ನೆನಪಿರಬೇಕು. 2023ರಲ್ಲಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ನಡೆದ, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಹದಿನೇಳನೆಯ ವಯಸ್ಸಿಗೇ ಗೋಲು ಹೊಡೆದ ಹುಡುಗ ಅವನೇ. ಅದೇ ಕೂಟದ ಸೆಮಿಫೈನಲ್‌ನಲ್ಲಿ ಬಾಂಗ್ಲಾದೇಶ ನಿಗದಿತ ಅವಧಿಯಲ್ಲಿ ಕುವೈತ್‌ಗೆ ಒಂದು ಗೋಲನ್ನೂ ಬಿಟ್ಟುಕೊಡದೆ ಹೆಚ್ಚುವರಿ ಸಮಯದಲ್ಲಷ್ಟೇ ಸೋತಿತ್ತು. ನಾವು ಕಪ್ ಗೆದ್ದ ಸಂಭ್ರಮದಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

22 ವರ್ಷಗಳ ನಂತರ ಸೋತೆವು ಎಂದು ಎಲ್ಲರೂ ಬರೆಯುತ್ತಿದ್ದಾರೆ. 2003ರ ಜನವರಿಯಲ್ಲಿ ಇದೇ ಢಾಕಾದಲ್ಲಿ, ಸ್ಯಾಫ್ ಸೆಮಿಫೈನಲ್‌ನಲ್ಲಿ, ಹೆಚ್ಚುವರಿ ಸಮಯದಲ್ಲಿ ಬಿದ್ದೊಡನೆ ಪಂದ್ಯವನ್ನೇ ಮುಗಿಸುವ ಗೋಲ್ಡನ್ ಗೋಲಿನಿಂದ 2–1ರಲ್ಲಿ ಸೋತದ್ದೇ ಅದಕ್ಕೆ ಮುಂಚಿನ ಸೋಲು. ಆದರೆ ಈ 22 ವರ್ಷಗಳ ಒಳಗೆ ಏನಿತ್ತು ಎಂಬುದನ್ನು ಒಮ್ಮೆ ಬಿಡಿಸಿ ನೋಡು. 2013ರಲ್ಲಿ ಕಾಠ್ಮಂಡುವಿನಲ್ಲಿ ಸೋಲು ಖಚಿತವಾಗಿದ್ದಾಗ ನಮ್ಮ ಸುನಿಲ್ ಚೆಟ್ರಿ ಪಂದ್ಯದ ಕೊನೆಗೆ ಸೇರಿಸುವ ಗಾಯದ ಅವಧಿಯಲ್ಲಿ ಹೊಡೆದ ಫ್ರೀಕಿಕ್‌ನಿಂದ 1–1 ಆಯಿತು. ಮರುವರ್ಷ ಗೋವಾದಲ್ಲಿ 2–2. ಎರಡೂ ಗೋಲು ಚೆಟ್ರಿಯವರದೇ, ಎರಡನೆಯದು ಮತ್ತೆ ಗಾಯದ ಅವಧಿಯಲ್ಲಿ. 2019ರಲ್ಲಿ ಕೋಲ್ಕತ್ತದ ಸಾಲ್ಟ್‌ಲೇಕ್ ಕ್ರೀಡಾಂಗಣದಲ್ಲಿ, ತುಂಬಿದ ಜನರ ಎದುರು, 88ನೇ ನಿಮಿಷದವರೆಗೆ ಅವರೇ ಮುಂದಿದ್ದರು, ಆದಿಲ್ ಖಾನ್ ಅವರ ಹೆಡರ್ ನಮ್ಮನ್ನು ಉಳಿಸಿತು. 2021ರ ಜೂನ್‌ನಲ್ಲಿ ದೋಹಾದಲ್ಲಿ 2–0ಯಿಂದ ಗೆದ್ದೆವು ನಿಜ, ಆದರೆ ಮೊದಲ ಗೋಲು ಬಂದದ್ದು 79ನೇ ನಿಮಿಷದಲ್ಲಿ, ಅವೆರಡೂ ಚೆಟ್ರಿಯವರದೇ. ಅದೇ ಅಕ್ಟೋಬರ್‌ನಲ್ಲಿ ಮಾಲೆಯಲ್ಲಿ ಹತ್ತೇ ಜನ ಉಳಿದಿದ್ದ ಬಾಂಗ್ಲಾದೇಶ ನಮ್ಮೊಂದಿಗೆ ಸಮಬಲ ಸಾಧಿಸಿತು. ಈ ವರ್ಷದ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ 0–0.

ನಾವು ಇದನ್ನು ಅಜೇಯ ದಾಖಲೆ ಎಂದು ಕರೆಯುತ್ತಾ ಬಂದೆವು. ಕಳೆದ ವರ್ಷ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ಒಂದೇ ರಾತ್ರಿಯಲ್ಲಿ ಕಡಿದದ್ದನ್ನು ನಾವಿಬ್ಬರೂ ನೋಡಿದ್ದೇವೆ. ಕೊಂಡಿ ಸವೆದದ್ದು ಆ ಒಂದು ರಾತ್ರಿಯಲ್ಲಿ ಅಲ್ಲವಲ್ಲ. ಒಬ್ಬ ಆಟಗಾರನ ಕೊನೆಯ ನಿಮಿಷದ ಗೋಲುಗಳು ನಮ್ಮ ಸವೆತವನ್ನು ವರ್ಷಗಟ್ಟಲೆ ಮುಚ್ಚಿಟ್ಟವು. ಢಾಕಾದಲ್ಲಿ ಆ ಆಟಗಾರ ಇರಲಿಲ್ಲ.

ಚೆಟ್ರಿಯವರ ವಿಷಯದಲ್ಲಿ ನನಗಿರುವ ಸಂಕಟ ಇಲ್ಲಿದೆ. 2024ರ ಜೂನ್‌ನಲ್ಲಿ ನಿವೃತ್ತರಾದ ಅವರನ್ನು ಈ ವರ್ಷ ಮಾರ್ಚ್‌ನಲ್ಲಿ ಮರಳಿ ಕರೆತರಬೇಕಾಯಿತು, ಏಕೆಂದರೆ ಗೋಲು ಹೊಡೆಯುವವರು ಬೇರೆ ಇರಲಿಲ್ಲ. ನಲವತ್ತು ತುಂಬಿದ ಮೇಲೂ ನಮ್ಮ ದೇಶದ ಕ್ಲಬ್‌ಗಳ ಲೀಗ್ ಆದ ಐಎಸ್‌ಎಲ್‌ನ ಕಳೆದ ಸಾಲಿನಲ್ಲಿ 14 ಗೋಲು ಹೊಡೆದು ಭಾರತೀಯರಲ್ಲಿ ಮೊದಲಿಗರಾದವರು ಅವರೇ. ಇದನ್ನು ಅವರ ಹಿರಿಮೆಯೆಂದು ಹೊಗಳುವುದು ಸರಿ. ಆದರೆ ಅದು ನಮ್ಮ ಫುಟ್‌ಬಾಲ್ ವ್ಯವಸ್ಥೆಯ ಮೇಲಿನ ದೂರೂ ಹೌದು. 2014ರಲ್ಲಿ ಆರಂಭವಾದ ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಪ್ರಶಸ್ತಿ ಇದುವರೆಗೆ ಒಬ್ಬ ಭಾರತೀಯನಿಗೂ ಸಿಕ್ಕಿಲ್ಲ. ಕ್ಲಬ್‌ಗಳು ಗೋಲು ಹೊಡೆಯುವ ಜಾಗಕ್ಕೆ ವಿದೇಶಿ ಆಟಗಾರರನ್ನು ತರುತ್ತವೆ, ನಮ್ಮ ಹುಡುಗರು ಬದಿಗೆ ಸರಿದು ಆಡುತ್ತಾರೆ ಅಥವಾ ಬೆಂಚಿನ ಮೇಲೆ ಕೂರುತ್ತಾರೆ. ರಾಷ್ಟ್ರೀಯ ತಂಡದ ಅಂಗಿ ತೊಟ್ಟ ದಿನ ಮಾತ್ರ ಅವರು ಇದ್ದಕ್ಕಿದ್ದಂತೆ ಗೋಲು ಹೊಡೆಯಬೇಕೆಂದು ನಾವು ಬಯಸುತ್ತೇವೆ. ಏಷ್ಯನ್ ಕಪ್ ಅರ್ಹತಾ ಸುತ್ತಿನ ಐದು ಪಂದ್ಯಗಳಲ್ಲಿ ನಾವು ಹೊಡೆದದ್ದು ಎರಡೇ ಗೋಲು: ಸಿಂಗಪುರದಲ್ಲಿ ರಹೀಂ ಅಲಿ, ಗೋವಾದಲ್ಲಿ ಛಾಂಗ್ಟೆ. ಪಡೆದದ್ದು ಎರಡೇ ಅಂಕ. ಸಿಂಗಪುರದ ಎದುರು ಗೋವಾದಲ್ಲಿ ಮೊದಲು ಮುಂದಿದ್ದೂ 1–2ರಲ್ಲಿ ಸೋತಾಗಲೇ ನಮ್ಮ ದಾರಿ ಮುಚ್ಚಿತ್ತು.

ಹಾಗೆಂದು ಆಟಗಾರರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ. ಇದೇ ತಂಡ, ಇದೇ ಕೋಚ್ ಖಾಲಿದ್ ಜಮೀಲ್ ಅವರ ಕೈಕೆಳಗೆ, ಸೆಪ್ಟೆಂಬರ್‌ನಲ್ಲಿ ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿ ಮೂರನೆಯ ಸ್ಥಾನ ಪಡೆದಿತ್ತು. ಅದಾದ ಮೇಲೆ ಏನಾಯಿತು? ಸೆಪ್ಟೆಂಬರ್‌ಗೆಲ್ಲ ಶುರುವಾಗಬೇಕಿದ್ದ ಐಎಸ್‌ಎಲ್ ಶುರುವಾಗಲೇ ಇಲ್ಲ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಮತ್ತು ಲೀಗ್ ನಡೆಸುವ ಸಂಸ್ಥೆಯ ನಡುವಿನ ಒಪ್ಪಂದದ ಅವಧಿ ಮುಗಿಯುತ್ತಾ ಬಂತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಹೊಸ ಟೆಂಡರ್ ಕರೆದರೆ ಒಬ್ಬರೂ ಮುಂದೆ ಬರಲಿಲ್ಲ. ವಾರವಾರ ಪಂದ್ಯವಾಡದ ಕಾಲುಗಳನ್ನು ನೇರವಾಗಿ ಢಾಕಾಕ್ಕೆ ಒಯ್ದರೆ ಓಟದಲ್ಲಿ ಹಿಂದೆ ಬೀಳುವುದು ಸಹಜ. ಆ ಆಟಗಾರರು ಮೈದಾನದಲ್ಲಿ ಹೋರಾಡುತ್ತಿದ್ದಾಗ ತಮ್ಮ ಸಂಬಳದ ಭವಿಷ್ಯವೇನೆಂಬುದೂ ಅವರಿಗೆ ತಿಳಿದಿರಲಿಲ್ಲ ಎಂಬುದನ್ನು ದಯವಿಟ್ಟು ಮರೆಯಬೇಡ.

ಹಮ್ಜಾ ಅವರನ್ನು ತೋರಿಸಿ, ಇಂಗ್ಲೆಂಡಿನಿಂದ ಆಮದು ಮಾಡಿಕೊಂಡ ಗೆಲುವು ಎಂದು ಕೆಲವರು ಹೀಗಳೆಯುತ್ತಿದ್ದಾರೆ. ಇದು ನ್ಯಾಯವಲ್ಲ. ಲೆಸ್ಟರ್ ಸಿಟಿಯೊಂದಿಗೆ ಎಫ್‌ಎ ಕಪ್ ಗೆದ್ದ ಆಟಗಾರನೊಬ್ಬ ತಾಯಿಯ ನೆಲಕ್ಕಾಗಿ ಆಡಲು ಬಂದದ್ದು ಆ ದೇಶದ ಭಾಗ್ಯ, ಅವರನ್ನು ಒಲಿಸಿಕೊಂಡದ್ದು ಆ ದೇಶದ ಶ್ರಮ. ನಮ್ಮ ಕಾನೂನು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ, ಹಾಗಾಗಿ ಬರುವವರು ಬೇರೆ ದೇಶದ ಪಾಸ್‌ಪೋರ್ಟ್ ಬಿಟ್ಟುಕೊಟ್ಟೇ ಬರಬೇಕು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಟ್ಟು ಭಾರತೀಯರಾದರು. ತಂಡದೊಂದಿಗೆ ಢಾಕಾಕ್ಕೂ ಹೋದರು. ಆದರೆ ಅನುಮತಿಯ ಕಾಗದ ಸಮಯಕ್ಕೆ ಬಾರದೆ ಹೊರಗೇ ಉಳಿದರು. ಅಷ್ಟು ದೊಡ್ಡದನ್ನು ಬಿಟ್ಟು ಬಂದವರಿಗೆ ಆ ರಾತ್ರಿ ಏನನ್ನಿಸಿರಬಹುದು ಎಂದು ನೆನೆದರೆ ನನಗೆ ತುಂಬಾ ಬೇಸರವಾಗುತ್ತದೆ.

ನಮ್ಮ ಕಡೆಯದನ್ನೂ ಹೇಳದಿದ್ದರೆ ಮಾತು ಪೂರ್ತಿಯಾಗದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಡಾವಣೆಯಲ್ಲಿ ಬೆಂಗಳೂರು ಎಫ್‌ಸಿ ವಸತಿ ಅಕಾಡೆಮಿಯನ್ನು ತೆರೆದಾಗ ನಾವಿಬ್ಬರೂ ಎಷ್ಟು ಹಿಗ್ಗಿದ್ದೆವು! ಈಶಾನ್ಯ ರಾಜ್ಯಗಳ ಹುಡುಗರು ಮನೆ ಬಿಟ್ಟು ಬಂದು ನಮ್ಮ ಬಿಸಿಲಿನಲ್ಲಿ ಬೆವರು ಸುರಿಸಿ ಕಲಿತರು. ಆದರೆ ಬಳ್ಳಾರಿಯ ಮುನ್ಸಿಪಲ್ ಮೈದಾನದಲ್ಲಿ ಸಂಜೆ ಚೆಂಡು ಒದೆಯುವ ಕೌಲ್ ಬಜಾರಿನ ಹುಡುಗನಿಗೆ ಆಡಲು ಯಾವ ಲೀಗ್ ಇದೆ? ಯಾರಾದರೂ ದಾನಿ ಸಿಕ್ಕರೆ ಒಂದು ಟೂರ್ನಿ, ಅದೂ ಎರಡು ದಿನದಲ್ಲಿ ಮುಗಿಯುತ್ತದೆ. ಹತ್ತನೆಯ ವಯಸ್ಸಿನಿಂದ ವರ್ಷವಿಡೀ ಪಂದ್ಯವಾಡಿದವನಿಗೆ ಮಾತ್ರ ಗೋಲ್‌ಕೀಪರ್ ಮುಂದೆ ಬಂದಾಗ ಚೆಂಡನ್ನು ಯಾವ ಕಡೆಗೆ ಕಳಿಸಬೇಕೆಂಬುದು ಯೋಚಿಸದೆಯೇ ತಿಳಿಯುತ್ತದೆ. ಮೊರ್ಸಾಲಿನ್‌ಗೆ ಅದು ತಿಳಿದಿತ್ತು. ನಮ್ಮಲ್ಲಿ ಆ ಬಗೆಯ ಒಬ್ಬ ಹುಡುಗನನ್ನು ಬೆಳೆಸಲು ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳ ತಂಡಗಳು ವಾರಕ್ಕೊಮ್ಮೆ ಎದುರಾಗುವ ಒಂದು ಸಣ್ಣ ಲೀಗ್ ಸಾಕು ಎಂದು ನನಗೆ ದೃಢವಾಗಿ ಅನ್ನಿಸುತ್ತದೆ.

ಇನ್ನೊಂದು ಮಾತು. ನಿನ್ನ ಸಂದೇಶದಲ್ಲಿ ಆ ದೇಶದ ಬಗ್ಗೆ ಇದ್ದ ಕಟುಮಾತುಗಳು ನನಗೆ ಹಿಡಿಸಲಿಲ್ಲ. 1971ರಲ್ಲಿ ತಮ್ಮ ವಿಮೋಚನೆಗಾಗಿ ಹಣ ಕೂಡಿಸಲು ಅವರ 'ಸ್ವಾಧೀನ್ ಬಾಂಗ್ಲಾ' ಫುಟ್‌ಬಾಲ್ ತಂಡ ಆಡಿದ್ದು ಭಾರತದ ಮೈದಾನಗಳಲ್ಲಿ. ತೊಂಬತ್ತರ ದಶಕದ ಆರಂಭದಲ್ಲಿ ಮೋನೆಮ್ ಮುನ್ನಾ ಈಸ್ಟ್ ಬೆಂಗಾಲ್‌ಗೆ ಆಡಿದಾಗ ಕೋಲ್ಕತ್ತದ ಜನ ಅವರನ್ನು ತಮ್ಮವರೆಂದೇ ಪ್ರೀತಿಸಿದರು. ಎರಡೂ ತಂಡಗಳು ಆಗಲೇ ಏಷ್ಯನ್ ಕಪ್‌ನಿಂದ ಹೊರಬಿದ್ದಿದ್ದರೂ ಢಾಕಾದ ಕ್ರೀಡಾಂಗಣ ಆ ರಾತ್ರಿ ತುಂಬಿತ್ತು. ಅವರ ಸಂತೋಷ ನ್ಯಾಯವಾದದ್ದು. ಪಕ್ಕದವರು ಬೆಳೆದದ್ದಕ್ಕೆ ನಮಗೆ ನೋವಾಗಬಾರದು, ನಾವು ನಿಂತಲ್ಲೇ ನಿಂತದ್ದಕ್ಕೆ ಆಗಬೇಕು. ನನಗೆ ಆಗಿರುವುದೂ ಅದೇ.

ಗುಂಪಿನ ಕೊನೆಯ ಪಂದ್ಯ ಮಾರ್ಚ್ 31ಕ್ಕೆ, ಹಾಂಕಾಂಗ್ ಎದುರು, ನಮ್ಮ ದೇಶದಲ್ಲೇ ಇದೆ. ಅಂಕಪಟ್ಟಿಗೆ ಅದರಿಂದ ಏನೂ ಆಗದು, ಆದರೂ ನಾನು ನೋಡುತ್ತೇನೆ. ನೀನು ರಜೆ ಹಾಕಿ ಬಳ್ಳಾರಿಗೆ ಬಾ, ಮನೆಯಲ್ಲಿ ಒಟ್ಟಿಗೆ ನೋಡೋಣ. ಅಷ್ಟು ಹೊತ್ತಿಗೆ ವಿಲಿಯಮ್ಸ್ ಅವರ ಅನುಮತಿ ಬಂದಿರುತ್ತದೆ ಎಂದುಕೊಂಡಿದ್ದೇನೆ. ನೀನು ಅವರನ್ನು ಬಲಬದಿಯಲ್ಲಿ ಆಡಿಸಬೇಕೆನ್ನುತ್ತೀಯ; ನನ್ನ ಪ್ರಕಾರ ಅವರು ಮಧ್ಯದಲ್ಲೇ, ಗೋಲಿಗೆ ಎದುರಾಗಿಯೇ ಇರಬೇಕು.

ನಿನ್ನ ಗೆಳೆಯ