ಕಚ್ಚುವ ಮುಂಚೆ ಅದು ಹೇಳಿತ್ತು

ಶಿರಸಿ

ಪ್ರೀತಿಯ ಮಾಣಿಗೆ ಅತ್ತೆಯ ಆಶೀರ್ವಾದ.

ನೀನು ಮೊಬೈಲಿಗೆ ಕಳಿಸಿದ, ನಿನ್ನ ಜುಟ್ಟಿನ ಗಿಳಿ ಕಾಕಟೀಲಿನ ವಿಡಿಯೋ ನಾಲ್ಕು ಸಲ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ ಅಂತ ಕಾಗದ ಬರೆಯುತ್ತಿದ್ದೇನೆ. ಇಲ್ಲಿ ಮಳೆ ಬಿಟ್ಟಿಲ್ಲ. ಅಡಿಕೆಗೆ ಮದ್ದು ಹೊಡೆಯುವವರು ಇನ್ನೂ ಬಂದಿಲ್ಲ. ಬೆರಳಿನ ಗಾಯ ಒಣಗಿತಾ? ಸೋಪು ಹಾಕಿ ತೊಳೆದೆ ತಾನೆ?

‘ಏನೂ ಕಾರಣ ಇಲ್ಲದೆ ಕಚ್ಚಿತು, ಅಂಗಡಿಗೆ ವಾಪಸು ಕೊಡುತ್ತೇನೆ’ ಅಂದೆಯಲ್ಲ, ನನಗೆ ತುಂಬಾ ಬೇಜಾರಾಯಿತು. ಕಾರಣ ವಿಡಿಯೋದಲ್ಲೇ ಇದೆ. ನೀನು ಕೈ ಹಾಕುವಾಗ ಕಾಕಟೀಲಿನ ಜುಟ್ಟು ನೋಡು. ತಲೆಗೆ ಅಂಟಿದ ಹಾಗೆ ಹಿಂದಕ್ಕೆ ಮಲಗಿದೆ. ಮೈ ಮುಂದಕ್ಕೆ ಬಗ್ಗಿದೆ, ಕೊಕ್ಕು ತೆರೆದಿದೆ. ಆಮೇಲೆ ಬುಸ್ ಅಂದಿತು. ನೀನು ನಗುತ್ತಾ ಬೆರಳು ಇನ್ನೂ ಹತ್ತಿರ ಒಯ್ದೆ. ಆಗ ಕಚ್ಚಿತು. ಕೊಟ್ಟಿಗೆಯ ಗೌರಿ ತಲೆ ತಗ್ಗಿಸಿ ಕೋಡು ಆಡಿಸಿದರೆ ನೀನು ಚಿಕ್ಕವನಿದ್ದಾಗಲೇ ದೂರ ಸರಿಯುತ್ತಿದ್ದೆ. ಹಕ್ಕಿ ಸಣ್ಣದು ಅಂತ ಅದರ ಮಾತು ಕೇಳಲಿಲ್ಲ, ಅಲ್ವಾ?

ಜುಟ್ಟು ಅರ್ಧ ಎದ್ದು ಸಡಿಲವಾಗಿದ್ದರೆ ಹಕ್ಕಿ ಆರಾಮಾಗಿದೆ. ನೆಟ್ಟಗೆ ನಿಂತರೆ ಬೆಚ್ಚಿದೆ, ಇಲ್ಲವೇ ಏನೋ ಹೊಸತು ಕಂಡಿದೆ. ಆದರೆ ಅದೊಂದನ್ನೇ ನೋಡಬೇಡ, ಇಡೀ ಮೈ ನೋಡು. ರಾತ್ರಿ ಕೊಕ್ಕು ಮಸೆಯುವ ಸದ್ದು ಸಿಟ್ಟಿನದಲ್ಲ, ಅದು ನಿದ್ದೆಯ ಸುಖ. ಕೈ ಮೇಲೆ ಹತ್ತುವ ಮುಂಚೆ ಕೊಕ್ಕಿನಿಂದ ಬೆರಳು ಮುಟ್ಟಿದರೆ ಗಟ್ಟಿ ಇದೆಯಾ ಅಂತ ನೋಡುತ್ತಿದೆ, ಅಷ್ಟೆ. ಆಗ ಗಾಬರಿಯಿಂದ ಕೈ ಎಳೆದುಕೊಂಡರೆ ನಿನ್ನ ಕೈ ಮೇಲಿನ ನಂಬಿಕೆಯೇ ಹೋಗುತ್ತದೆ. ಬೂದು ಗಿಳಿ, ಮಕಾವ್‌ನಂಥ ದೊಡ್ಡ ಗಿಳಿಗಳಲ್ಲಿ ಉದ್ರೇಕವಾದಾಗ ಕಣ್ಣಿನ ಪಾಪೆ ಪಟಪಟನೆ ಕಿರಿದಾಗಿ ಹಿರಿದಾಗುತ್ತದೆ. ನಿನ್ನದರ ಕಪ್ಪು ಕಣ್ಣಲ್ಲಿ ಅದು ಗೊತ್ತಾಗುವುದು ಕಷ್ಟ.

ನಾನು ಮಾಡಿದ ತಪ್ಪು ಹೇಳುತ್ತೇನೆ. ನಮ್ಮ ಮೊದಲ ಹಕ್ಕಿಯೂ ಹೀಗೇ ಬುಸುಗುಡುತ್ತಿತ್ತು. ಮಾರಿದವರು, ‘ಕಚ್ಚಿದರೂ ಕೈ ತೆಗೀಬೇಡಿ, ಹೆದರಿದ್ದೀರಿ ಅಂತ ಗೊತ್ತಾಗಬಾರದು’ ಅಂದರು. ನಾನು ದಪ್ಪ ಬಟ್ಟೆ ಸುತ್ತಿಕೊಂಡು ದಿನಾ ಕೈ ಹಾಕಿದೆ. ಕೆಲವು ವಾರದಲ್ಲಿ ಬುಸುಗುಡುವುದು ನಿಂತಿತು. ಪಳಗಿತು ಅಂದುಕೊಂಡೆ. ಬುಸ್ ಅಂದರೆ ಯಾರೂ ಕೇಳುವುದಿಲ್ಲ ಅಂತ ಅದು ಕಲಿತಿತ್ತು. ಆಮೇಲೆ ಸೂಚನೆಯೇ ಇಲ್ಲದೆ ಕಚ್ಚತೊಡಗಿತು. ಅದರ ಮಾತನ್ನು ನಾನೇ ಕಿತ್ತುಕೊಂಡೆ, ಮಾಣಿ. ಈಗಲೂ ನೆನೆದರೆ ಹೊಟ್ಟೆ ಚುರ್ ಅನ್ನುತ್ತದೆ.

ಅದಕ್ಕೇ ಜುಟ್ಟು ಮಲಗಿದ ಕೂಡಲೇ ಕೈ ನಿಲ್ಲಿಸು. ನಿಧಾನವಾಗಿ ಹಿಂದೆ ತಗೊ. ಒಂದು ವೇಳೆ ಕಚ್ಚಿದರೂ ಕೂಗಬೇಡ, ಕೈ ಝಾಡಿಸಬೇಡ, ಕೊಕ್ಕಿಗೆ ಹೊಡೆಯಲಂತೂ ಬೇಡ. ಸುಮ್ನೆ ಕೋಲಿನ ಮೇಲೆ ಇಳಿಸಿ ದೂರ ಹೋಗು. ಸ್ವಲ್ಪ ದಿನ ಬೆರಳಿನ ಬದಲು ಕೋಲಿನ ಮೇಲೆಯೇ ಹತ್ತಿಸು, ಹತ್ತಿದಾಗ ಒಂದೆರಡು ನವಣೆ ಕಾಳು ಕೊಡು.

ಇನ್ನೊಂದು ವಿಷಯ. ವಿಡಿಯೋದಲ್ಲಿ ಪಂಜರದ ಮೂಲೆಯಲ್ಲಿ ರಟ್ಟಿನ ಡಬ್ಬ ಕಂಡಿತು. ಚಳಿಗೆ ಅಂತ ಇಟ್ಟಿದ್ದೀಯ, ಗೊತ್ತು. ಆದರೆ ಕಾಕಟೀಲ್ ಆಸ್ಟ್ರೇಲಿಯದ ಒಣ ಸೀಮೆಯ ಹಕ್ಕಿ. ಅಲ್ಲಿ ಮಳೆ ಬಿದ್ದು ಹುಲ್ಲು ಬೀಜ ಕಟ್ಟಿದಾಗ ಅದು ಗೂಡು ಮಾಡುತ್ತದೆ. ಕಾರವಾರದ ಮಳೆ, ಹೊಟ್ಟೆ ತುಂಬಾ ಕಾಳು, ಮೇಲಿಂದ ಕತ್ತಲೆ ಡಬ್ಬ! ಅದಕ್ಕೆ ಇದೇ ಮರಿ ಮಾಡುವ ಕಾಲ ಅನಿಸಿರಬೇಕು. ಗೂಡು ಕಾಯುವ ಹಕ್ಕಿ ಯಾರ ಕೈಯನ್ನೂ ಸಹಿಸುವುದಿಲ್ಲ. ಬೆನ್ನು, ರೆಕ್ಕೆಯ ಕೆಳಗೆ ಸವರುವುದನ್ನೂ ಬಿಡು, ಅದರಿಂದ ಬೆದೆ ಜಾಸ್ತಿಯಾಗುತ್ತದೆ. ತಲೆ ಮಾತ್ರ ಸವರು. ರಾತ್ರಿ 10ರಿಂದ 12 ಗಂಟೆ ನಿದ್ದೆ ಬೇಕು. ನೀನು ಟಿವಿ ಹಚ್ಚಿಕೊಂಡು ಕೂತರೆ ಅದು ಮಲಗುವುದು ಹೇಗೆ?

ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತರೆ ಅದು ಸಿಟ್ಟಲ್ಲ, ಕಾಯಿಲೆ. ಅವತ್ತೇ ಪಶುವೈದ್ಯರಿಗೆ ತೋರಿಸು.

ನಿನ್ನ ಗೆಳೆಯ ಕೊಡುತ್ತೇನೆಂದ ಹಸಿರು ಗಿಳಿಮರಿ ಬೇಡವೇ ಬೇಡ. ನಮ್ಮ ಕಾಡಿನ ಗಿಳಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಆ ಡಬ್ಬ ಇವತ್ತೇ ತೆಗೆ, ಹಕ್ಕಿ ಹೊರಗಿರುವಾಗ. ಕುಮಟಾ ಮೇಲೆ ಬರುವವರು ಯಾರಾದರೂ ಸಿಕ್ಕರೆ ನವಣೆ ತೆನೆ ಕಳಿಸಿಕೊಡುತ್ತೇನೆ. ಹದಿನೈದು ದಿನ ಬಿಟ್ಟು ಇನ್ನೊಂದು ವಿಡಿಯೋ ಕಳಿಸು, ಜುಟ್ಟು ಸರಿಯಾಗಿ ಕಾಣುವ ಹಾಗೆ.

ನಿನ್ನ ಅತ್ತೆ