ಸಚಿವರೇ, ಹಾಲ್‌ನಲ್ಲಿ ಮಲಗುವವರನ್ನೂ ಎಣಿಸಿ

ಮಾನ್ಯ ವಸತಿ ಸಚಿವರಿಗೆ ನಮಸ್ಕಾರ.

ಕಳೆದ ಸಮೀಕ್ಷೆಯ ಹೊತ್ತಿಗೆ ಒಬ್ಬರು ನಮ್ಮ ಮನೆಗೆ ಬಂದಿದ್ದರು. "ಮನೆ ಸ್ವಂತದ್ದಾ, ಬಾಡಿಗೆಯದಾ?" ಎಂದು ಕೇಳಿದರು. ಅಪ್ಪ "ಸ್ವಂತದ್ದು" ಅಂದರು. ಗುರುತು ಹಾಕಿಕೊಂಡು ಮುಂದಿನ ಪ್ರಶ್ನೆಗೆ ಹೋದರು. ಅವರು ಕೂತಿದ್ದ ಕುರ್ಚಿಯ ಹಿಂದೆಯೇ ನನ್ನ ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿತ್ತು. ನನಗೆ 34 ವರ್ಷ. ಹತ್ತು ವರ್ಷದಿಂದ ದುಡಿಯುತ್ತಿದ್ದೇನೆ, ರಾತ್ರಿ ಹಾಲ್‌ನಲ್ಲಿ ಮಲಗುತ್ತೇನೆ. ತಮ್ಮ ಮತ್ತು ಅವನ ಹೆಂಡತಿ ಒಳಗಿನ ಚಿಕ್ಕ ಕೋಣೆಯಲ್ಲಿ. ನಿಮ್ಮ ಲೆಕ್ಕದಲ್ಲಿ ನಾವೆಲ್ಲ ಸೇರಿ ಸ್ವಂತ ಮನೆಯಿರುವ ಒಂದು ಕುಟುಂಬ, ಅಷ್ಟೇ.

ಸ್ವಂತ ಮನೆ ಎಷ್ಟು ಜನಕ್ಕಿದೆ ಅಂತ ನೀವು ಹೇಳುವ ಶೇಕಡಾ ಲೆಕ್ಕ ಸಾಮಾನ್ಯವಾಗಿ ಮನುಷ್ಯರನ್ನು ಎಣಿಸುವುದಿಲ್ಲ, ಕುಟುಂಬಗಳನ್ನು ಎಣಿಸುತ್ತದೆ. ಬಾಡಿಗೆ ಕಟ್ಟಲಾಗದೆ ಮಗಳೊಬ್ಬಳು ಅಪ್ಪ–ಅಮ್ಮನ ಮನೆಗೆ ವಾಪಸ್ ಬಂದಳು ಅಂದುಕೊಳ್ಳಿ. ಬಾಡಿಗೆ ಮನೆಗಳ ಪಟ್ಟಿಯಲ್ಲಿ ಒಂದು ಕಡಿಮೆ ಆಯಿತು. ಶೇಕಡಾ ಮೇಲೇರಿತು! ಅವಳ ಕಷ್ಟ ಜಾಸ್ತಿಯಾದಷ್ಟೂ ವರದಿ ಚೆನ್ನಾಗಿ ಕಾಣುತ್ತದೆ. ಇದು ಸರಿಯಾ?

ರೊಮೇನಿಯಾ ನೋಡಿ. ಅಲ್ಲಿ ಶೇ 90ಕ್ಕೂ ಹೆಚ್ಚು ಜನ ಸ್ವಂತ ಮನೆಯಲ್ಲಿದ್ದಾರೆ. ಆದರೆ ಯುರೋಪಿನಲ್ಲಿ ಮನೆಯೊಳಗೆ ಇಕ್ಕಟ್ಟು ಜಾಸ್ತಿ ಇರುವ ದೇಶಗಳಲ್ಲಿ ಅದೂ ಒಂದು. ಶ್ರೀಮಂತ ಸ್ವಿಟ್ಜರ್ಲೆಂಡ್‌ನಲ್ಲಿ ಸ್ವಂತ ಮನೆಯವರು ಅರ್ಧಕ್ಕಿಂತ ಕಡಿಮೆ. ಅಮೆರಿಕದಲ್ಲಿ ತೀರಿಸಲಾಗದವರಿಗೂ ಸಾಲ ಕೊಟ್ಟರು, 2004ರಲ್ಲಿ ಈ ಅಂಕಿ ಶೇ 69 ಮುಟ್ಟಿತು. 2016ಕ್ಕೆ ಶೇ 63ರ ಹತ್ತಿರ ಬಂತು. ನಡುವೆ ಲಕ್ಷಾಂತರ ಕುಟುಂಬಗಳು ಮನೆ ಕಳೆದುಕೊಂಡವು. ಮನೆಗಳು ಹೆಚ್ಚದೆ ಸಾಲ ಮಾತ್ರ ಅಗ್ಗವಾದರೆ ಬೆಲೆ ಏರುತ್ತದೆ, ಸಬ್ಸಿಡಿ ಹಣ ಮನೆ ಮಾರುವವರ ಜೇಬಿಗೆ ಹೋಗುತ್ತದೆ. ಇದು ನಿಮಗೂ ಗೊತ್ತಿರುವ ವಿಷಯವೇ.

ಎಣಿಸಲು ಆಗಲ್ಲ ಅನ್ನಬೇಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2011ರ ಜನಗಣತಿಯಲ್ಲಿ ಬೇರೆಯವರ ಮನೆಯೊಳಗೇ ಉಳಿದುಬಿಟ್ಟ ಕುಟುಂಬಗಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿದ್ದರು. ಸುಮಾರು 2 ಲಕ್ಷ 89 ಸಾವಿರ ಸಿಕ್ಕವು. ಹತ್ತು ವರ್ಷದಲ್ಲಿ ಶೇ 70ರಷ್ಟು ಏರಿಕೆ. ಹುಡುಕಿದ್ದಕ್ಕೇ ಅಲ್ವಾ ಕಂಡಿದ್ದು?

ನೀವೂ ವಯಸ್ಸಿನ ಪ್ರಕಾರ ಲೆಕ್ಕ ಕೊಡಿ. ಒಂದು ಕೋಣೆಗೆ ಎಷ್ಟು ಜನ ಅಂತ ಕೊಡಿ. ಬಾಡಿಗೆಗೆ ಸಂಬಳದಲ್ಲಿ ಎಷ್ಟು ಪಾಲು ಹೋಗುತ್ತದೆ ಅಂತಲೂ ಕೊಡಿ. ಮುಂದಿನ ಸಮೀಕ್ಷೆಯ ನಮೂನೆಗೆ ಒಂದೇ ಒಂದು ಪ್ರಶ್ನೆ ಸೇರಿಸಿ: "ಕೈಗೆಟುಕುವ ಬೇರೆ ಮನೆ ಸಿಕ್ಕರೆ ಇಲ್ಲಿಂದ ಎಷ್ಟು ಜನ ಹೋಗುತ್ತಾರೆ?"

ನಮ್ಮಪ್ಪನನ್ನು ಕೇಳಿ ನೋಡಿ. ಸ್ವಲ್ಪ ಹೊತ್ತು ಸುಮ್ನೆ ಕೂತು, "ಮೂವರು" ಅನ್ನುತ್ತಾರೆ.

ಇಂತಿ,
ಒಬ್ಬ ಮತದಾರ