ಕಾರ್ಡಿನ ಮೇಲೆ ನಮ್ಮ ಹೆಸರಿರ್ಲಿ ಸರ್: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ,

ಸರ್, ಮೊದಲೇ ಹೇಳ್ಬಿಡ್ತೀನಿ, ದುಡ್ಡು ಕೇಳೋಕೆ ಬರೀತಿಲ್ಲ. ನಿಮ್ಮ ಟೇಬಲ್ಲಿಗೆ ಬರೋ ಅರ್ಜಿಗಳಲ್ಲಿ ಮುಕ್ಕಾಲು ಪಾಲು ಅನುದಾನ, ಮಾಸಾಶನ, ಧನಸಹಾಯ ಅಂತಲೇ ಇರುತ್ತೆ ಅನ್ನೋದು ಗೊತ್ತು. ನಾನು ಕೇಳ್ತಿರೋದು ನವೆಂಬರಲ್ಲಿ ಒಂದು ಸಂಜೆ, ಕಬ್ಬನ್ ಪಾರ್ಕಿನ ಬ್ಯಾಂಡ್ ಸ್ಟ್ಯಾಂಡು, ಆಮೇಲೆ ಆಹ್ವಾನ ಪತ್ರಿಕೆ ಮೇಲೆ ನಿಮ್ಮ ಇಲಾಖೆಯ ಒಂದು ಸಾಲು. ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ನಾವು 19 ಜನ ಇದೀವಿ. ಗೇ, ಲೆಸ್ಬಿಯನ್, ಟ್ರಾನ್ಸ್, ಒಬ್ರು ಜೋಗಮ್ಮ, ಇಬ್ಬರು ನಾನ್ಯಾವ್ದೂ ಅಲ್ಲ ಸುಮ್ನೆ ನುಡಿಸೋಕೆ ಬಂದಿದೀನಿ ಅನ್ನೋರು. ಭಾನುವಾರ ಸಂಜೆ ಒಬ್ರ ಮನೆ ಟೆರೇಸಿನ ಶೀಟ್ ಕೆಳಗೆ ಕೂತು ನುಡಿಸ್ತೀವಿ. ಆರ್ಕೆಸ್ಟ್ರಾ ಅಂತ ಕರ್ಕೊಳ್ಳೋಕೆ ಮೊದಮೊದಲು ನಾಚಿಕೆ ಆಗ್ತಿತ್ತು, ಯಾಕಂದ್ರೆ ನಮ್ಮ ದಾವಣಗೆರೆ ಕಡೆ ಆರ್ಕೆಸ್ಟ್ರಾ ಅಂದ್ರೆ ಗಣೇಶನ ಪೆಂಡಾಲಲ್ಲಿ ರಾತ್ರಿ ಹನ್ನೊಂದರವರೆಗೂ ಸಿನಿಮಾ ಹಾಡು, ಮುಂದಿನ ಸಾಲಲ್ಲಿ ಶಿಳ್ಳೆ. ನಮ್ಮದು ನಾಲ್ಕು ಪಿಟೀಲು, ಎರಡು ಕೊಳಲು, ಒಂದು ಟ್ರಂಪೆಟ್, ಕೀಬೋರ್ಡು, ತಮಟೆ, ಇನ್ನು ಕ್ಲಾರಿನೆಟ್ಟಿಗೆ ಮದುವೆ ಬ್ಯಾಂಡ್ ಸೆಟ್ಟಲ್ಲಿ ಇಪ್ಪತ್ತು ವರ್ಷ ಊದಿರೋ ಒಬ್ಬ ಅಣ್ಣ, ನೊಟೇಷನ್ ಒಂದಕ್ಷರ ಓದಲ್ಲ, ಒಂದ್ಸಲ ಕೇಳಿದ್ರೆ ಮಾತ್ರ ಸಾಯೋವರೆಗೂ ಮರೆಯಲ್ಲ.

ಜೋಗಮ್ಮ ಚೌಡಿಕೆ ತರ್ತಾರೆ. ಚೌಡಿಕೆ ನಿಮಗೆ ಹೇಳ್ಬೇಕಿಲ್ಲ, ಎಲ್ಲಮ್ಮನ ಪದಕ್ಕೆ ಕಂಕುಳಲ್ಲಿಟ್ಕೊಂಡು ಮೀಟೋ ಒಂದೇ ತಂತಿ ವಾದ್ಯ, ತಳದಲ್ಲಿ ತೊಗಲು. ಆ ತೊಗಲಿಂದಲೇ ನಮ್ಮ ತಲೆನೋವೆಲ್ಲ. ಮೋಡ ಕವಿದ ದಿನ ಅದು ಸಡಿಲ ಆಗಿ ಶ್ರುತಿ ಇಳಿಯುತ್ತೆ, ಬಿಸಿಲು ಬಂದ್ರೆ ಏರುತ್ತೆ. ಪಿಟೀಲಿನವರು ಬಿರಡೆ ತಿರುವಿ ಹೇಗೋ ಇಳಿಸ್ಕೋತೀವಿ. ಕ್ಲಾರಿನೆಟ್ಟಿಗೆ ಆ ಸೌಕರ್ಯ ಇಲ್ಲ, ಅಣ್ಣ ಮೇಲಿನ ತುಂಡನ್ನ ಕೂದಲೆಳೆಯಷ್ಟು ಹೊರಗೆಳೆದು "ಇನ್ನ ಎಳುದ್ರೆ ಕೈಗೇ ಬರುತ್ತೆ" ಅಂತಾನೆ. ಮೊದಲ ತಿಂಗಳು ಪೂರ್ತಿ ಇದೇ ಜಗಳ. ಕೊನೆಗೆ ಜೋಗಮ್ಮನೇ ಅಂದ್ರು, "ನಿಮ್ಮ ಶ್ರುತಿ ಪೆಟ್ಟಿಗಿ ಬಂದ್ ಮಾಡ್ರಿ, ನಾ ತಾಯಿ ಹೆಸ್ರು ಹಿಡದು ಎಲ್ಲಿಗ್ ಹೋಗ್ತೀನೋ ಅಲ್ಲಿಗ್ ಬರ್ರಿ." ಬಂದ್ವಿ. ಕ್ಲಾರಿನೆಟ್ ಅಣ್ಣ ಮೊದಲು ಬಂದ.

ಹೋದ ವರ್ಷ ನವೆಂಬರಲ್ಲಿ ಮೊದಲ ಸಲ ಜನರ ಮುಂದೆ ಕೂತ್ವಿ. ಬೆಂಗಳೂರಲ್ಲಿ 2008ರಿಂದ ಪ್ರೈಡ್, ಅಂದ್ರೆ ನಮ್ಮಂಥವರ ಹೆಮ್ಮೆಯ ಮೆರವಣಿಗೆ, ನಡೀತಿದೆ, ಈಗ ಅದು ನವೆಂಬರಲ್ಲೇ ಇರುತ್ತೆ, ಅದೇ ತಿಂಗಳಲ್ಲಿ ನಮ್ಮದೊಂದು ಪ್ರೈಡ್ ಕಾನ್ಸರ್ಟ್ ಇರ್ಲಿ ಅನ್ನೋ ಆಸೆ. ಹಾಲ್ ಹುಡುಕಿದ್ವಿ. ಒಂದು ಸಭಾಭವನದವರು (ಹೆಸರು ಬೇಡ, ಅಲ್ಲಿ ಕೆಲಸ ಮಾಡೋರೆಲ್ಲ ಕೆಟ್ಟವರಲ್ಲ) ಬಾಡಿಗೆ ತಗೊಂಡ್ರು, ರಸೀದಿ ಕೊಟ್ರು, ಕಾರ್ಡ್ ನೋಡಿದ ಮೇಲೆ ಮ್ಯಾನೇಜರ್ ಫೋನ್ ಮಾಡಿ ಬಹಳ ಮರ್ಯಾದೆಯಿಂದಲೇ ಹೇಳಿದ್ರು, ಸಾರ್ ನಮ್ಮಲ್ಲಿ ಫ್ಯಾಮಿಲಿ ಆಡಿಯನ್ಸು, ಈ ಪ್ರೈಡು, ಎಲ್‌ಜಿಬಿಟಿ ಎಲ್ಲ ತೆಗೆದು "ಸಂಗೀತ ಸಂಜೆ" ಅಂತ ಹಾಕ್ಕೊಳ್ಳಿ, ಬೇರೆ ಏನೂ ಅಭ್ಯಂತರ ಇಲ್ಲ.

ನಾವು ಒಪ್ಕೊಂಡ್ವಿ ಸರ್. ಯಾರೋ ನಮ್ಮ ಮೇಲೆ ಹೇರಿದ್ರು ಅಂತ ಹೇಳಲ್ಲ, ನಾವೇ ಕೂತು ವೋಟ್ ಹಾಕಿ ಒಪ್ಕೊಂಡ್ವಿ, ನನ್ನದೂ ಒಪ್ಪಿಗೆ ವೋಟೇ. ಆರು ತಿಂಗಳ ಪ್ರಾಕ್ಟೀಸ್ ಹಾಳಾಗೋದು ಬೇಡ ಅಂತ.

ಕಾರ್ಯಕ್ರಮ ಚೆನ್ನಾಗಾಯ್ತು. ಶುರುವಿಗೆ ನಾಡಗೀತೆ, ಸರ್ಕಾರ 2022ರಲ್ಲಿ ಎರಡೂವರೆ ನಿಮಿಷ ಅಂತ ನಿಗದಿ ಮಾಡಿತ್ತಲ್ಲ, ಮೊಬೈಲಲ್ಲಿ ಸ್ಟಾಪ್‌ವಾಚ್ ಇಟ್ಕೊಂಡು ಪ್ರಾಕ್ಟೀಸ್ ಮಾಡಿದ್ವಿ, ಚೌಡಿಕೆ ಸೇರಿದ ಮೇಲೆ ಹತ್ತಿಪ್ಪತ್ತು ಸೆಕೆಂಡ್ ಜಾಸ್ತಿನೇ ಆಗ್ತಿತ್ತು, ಅದೊಂದನ್ನ ಮನ್ನಿಸಿ. ಆಮೇಲೆ ಅಕ್ಕಮಹಾದೇವಿ ವಚನ, ಚೈಕಾವ್‌ಸ್ಕಿಯ ಒಂದು ವಾಲ್ಟ್ಜ್, ಕೊನೆಗೆ ಎಲ್ಲಮ್ಮನ ಪದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು.

ನಮ್ಮಮ್ಮ ದಾವಣಗೆರೆಯಿಂದ ರೈಲಲ್ಲಿ ಬಂದಿದ್ರು. ನನ್ನ ವಿಷಯ ಅಮ್ಮನಿಗೆ ಗೊತ್ತು, ಒಂಬತ್ತು ವರ್ಷ ಆಯ್ತು ಹೇಳಿ, ಮೊದಲೆರಡು ವರ್ಷ ಸರಿಯಾಗಿ ಮಾತಿರಲಿಲ್ಲ, ಈಗ ಇದೆ. ಮೂರನೇ ಸಾಲಲ್ಲಿ ಕೂತಿದ್ರು. ಪಕ್ಕದಲ್ಲಿದ್ದ ಹೆಂಗಸು ಯಾರ್ರೀ ನಿಮ್ಮೋರು ಸ್ಟೇಜ್ ಮೇಲೆ ಅಂತ ಕೇಳಿದಾರೆ, ಅಮ್ಮ ಪಿಟೀಲು ಎಡಗಡೆಯಿಂದ ಎರಡನೇಯವನು ನನ್ನ ಮಗ ಅಂದಿದಾರೆ. "ಎಷ್ಟು ಚೆನ್ನಾಗಿ ನುಡಿಸ್ತಾರ್ರೀ, ಸೊಸೆನೂ ಹಾಡ್ತಾರಾ?" ಅಂದ್ರಂತೆ. ಅಮ್ಮ ಏನೂ ಹೇಳಿಲ್ಲ. ರಾತ್ರಿ ಆಟೋದಲ್ಲಿ ಬರ್ತಾ, ಟೌನ್ ಹಾಲ್ ಸಿಗ್ನಲ್ಲಲ್ಲಿ ಅಂತ ಕಾಣ್ಸುತ್ತೆ, ಇದ್ದಕ್ಕಿದ್ದಂಗೆ ಅಂದ್ರು, "ಆ ಬೋರ್ಡಲ್ಲಿ ಬರ್ದಿದ್ರೆ ನಾನು ಉತ್ತರ ಹೇಳೋದು ತಪ್ತಿತ್ತಲ್ಲೋ."

ಅವತ್ತಿಂದ ಆ ಚಪ್ಪಾಳೆ ನೆನೆಸ್ಕೊಂಡ್ರೆ ಬೇರೆ ಯಾರಿಗೋ ಬಂದ ಕೊರಿಯರ್ ನಾನು ಸೈನ್ ಹಾಕಿ ತಗೊಂಡಂಗೆ ಅನ್ಸುತ್ತೆ.

ಈ ವರ್ಷ ನಿಜವಾದ ಹೆಸರಲ್ಲೇ ಮಾಡೋಣ ಅಂತ ಎಲ್ಲರೂ ತೀರ್ಮಾನ ಮಾಡಿದ್ವಿ. ಮೂರು ಹಾಲ್ ಕೇಳಿದ್ವಿ, ಮೂರೂ ಕಡೆ ಅವತ್ತು ಬುಕ್ ಆಗಿದೆ, ಬೇರೆ ಯಾವ ತಾರೀಖು ಹೇಳಿದ್ರೂ ಅದೂ ಬುಕ್ ಆಗಿದೆ. ಇನ್ನೊಂದು ಕಡೆ ಪ್ರೈಡ್ ಅಂದ್ರೆ ಪ್ರತಿಭಟನೆ ತಾನೇ, ಅದಕ್ಕೆ ಫ್ರೀಡಂ ಪಾರ್ಕ್ ಇದೆಯಲ್ಲ ಅಂದ್ರು. ನಾಲ್ಕು ಪಿಟೀಲು ಎರಡು ಕೊಳಲಿಂದ ಎಂಥಾ ಪ್ರತಿಭಟನೆ ಮಾಡೋದು ಸರ್.

ಒಂದು ಸಂಗತಿ ಹೇಳ್ತೀನಿ. 2016ರಲ್ಲಿ ಕಂಪನಿ ಕೆಲಸಕ್ಕೆ ನಾನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದೆ. ಜೂನ್ ಕೊನೆ ಭಾನುವಾರ ಅಲ್ಲಿ ಮಾರ್ಕೆಟ್ ಸ್ಟ್ರೀಟಲ್ಲಿ ಪ್ರೈಡ್ ಮೆರವಣಿಗೆ. ಫುಟ್‌ಪಾತಲ್ಲಿ ನಿಂತು ನೋಡ್ತಿದ್ದೆ, ಒಂದು ಬ್ಯಾಂಡ್ ಬಂತು, ಟ್ಯೂಬಾ, ಟ್ರಾಂಬೋನ್, ಡ್ರಮ್ಮು, ಬಿಳಿಕೂದಲಿನ ಅಜ್ಜಂದಿರೂ ಇದ್ರು ಸಣ್ಣ ಹುಡುಗೀರೂ ಇದ್ರು. ಆಮೇಲೆ ಅದರ ಕಥೆ ಓದಿದೆ. 1977ರಲ್ಲಿ ಫ್ಲೋರಿಡಾದಲ್ಲಿ ಅನಿಟಾ ಬ್ರಯಾಂಟ್ ಅಂತ ಒಬ್ಬ ಪಾಪ್ಯುಲರ್ ಗಾಯಕಿ ಗೇ ಜನರ ವಿರುದ್ಧ ದೊಡ್ಡ ಪ್ರಚಾರ ಮಾಡಿ ಗೆದ್ದಿದ್ದಳು. ಅದರ ಮುಂದಿನ ವರ್ಷ, 1978ರಲ್ಲಿ, ಸ್ಕೂಲಲ್ಲಿ ಮ್ಯೂಸಿಕ್ ಮೇಷ್ಟ್ರಾಗಿದ್ದ ಜಾನ್ ಸಿಮ್ಸ್ ಅನ್ನೋರು ಈ ಬ್ಯಾಂಡ್ ಕಟ್ಟಿದ್ರು. ಹೆಸರಲ್ಲೇ "ಗೇ" ಅಂತ ಹಾಕ್ಕೊಂಡು, ಆಗ ಹಾಗೆ ಹೆಸರಿಟ್ಕೊಂಡ ಸಂಗೀತ ತಂಡ ಜಗತ್ತಲ್ಲೇ ಬೇರೆ ಇರಲಿಲ್ಲ. ಅದೇ ಸಿಮ್ಸ್ ಅದೇ ವರ್ಷ ಗೇ ಗಂಡಸರ ಒಂದು ಗಾಯನ ತಂಡ ಶುರು ಮಾಡಿದ್ರು. ನವೆಂಬರ್ 27ಕ್ಕೆ ಆ ಊರಿನ ಮೇಯರ್ ಜಾರ್ಜ್ ಮಾಸ್ಕೋನಿ, ನಗರದ ಚುನಾಯಿತ ಪ್ರತಿನಿಧಿ ಹಾರ್ವಿ ಮಿಲ್ಕ್ ಇಬ್ಬರನ್ನೂ ಸಿಟಿ ಹಾಲ್ ಒಳಗೇ ಗುಂಡಿಟ್ಟು ಕೊಂದ್ರು. ಅವತ್ತು ರಾತ್ರಿ ಜನ ಮೇಣದಬತ್ತಿ ಹಿಡ್ಕೊಂಡು ಬಂದು ಸೇರಿದಾಗ ಸಿಟಿ ಹಾಲ್ ಮೆಟ್ಟಿಲ ಮೇಲೆ ನಿಂತು ಹಾಡಿದ್ದು ಈ ಹೊಸ ತಂಡ. ಜನರ ಮುಂದೆ ಅವರು ಹಾಡಿದ್ದು ಅದೇ ಮೊದಲು.

ಸಿಮ್ಸ್ 1984ರಲ್ಲಿ ಏಡ್ಸ್‌ನಿಂದ ತೀರ್ಕೊಂಡ್ರು, 37 ವಯಸ್ಸು. ಬ್ಯಾಂಡ್ ಉಳೀತು. 1998ರಲ್ಲಿ ಅದನ್ನ ಸ್ಯಾನ್ ಫ್ರಾನ್ಸಿಸ್ಕೋ ನಗರದ ಅಧಿಕೃತ ಬ್ಯಾಂಡ್ ಅಂತ ಮಾಡಿದ್ರು. ಕಲ್ಯಾಣ ಯೋಜನೆಯ ಫಲಾನುಭವಿ ಅಂತಲ್ಲ ಸರ್, ಊರಿನ ಬ್ಯಾಂಡ್ ಅಂತ. ನಮ್ಮ ಮೈಸೂರಲ್ಲಿ ಪೊಲೀಸ್ ಬ್ಯಾಂಡ್ ಇದೆಯಲ್ಲ, ಹಂಗೆ.

ಅಮೆರಿಕದ ಕಥೆ ನಮಗ್ಯಾಕೆ ಅಂತೀರೇನೋ. ನಿಜ, ಅದಿಲ್ಲದೇನೂ ನಾನು ಈ ಪತ್ರ ಬರೀಬಹುದಿತ್ತು. ದಸರಾದಲ್ಲಿ ಮೈಸೂರು ಅರಮನೆ ಮುಂದೆ ಕರ್ನಾಟಕ ಬ್ಯಾಂಡೂ ಇಂಗ್ಲಿಷ್ ಬ್ಯಾಂಡೂ ಎರಡೂ ನುಡಿಸೋದನ್ನ ನೀವು ವೇದಿಕೆ ಮೇಲೆ ಕೂತೇ ಕೇಳಿರ್ತೀರಿ. ಜಯಚಾಮರಾಜೇಂದ್ರ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದವರು. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳ್ಬೇಕು ಅಂತ ಪಿಟೀಲಿಗೆ ತಂತಿ ಹೆಚ್ಚಿಸಿ ಏಳು ಮಾಡ್ಕೊಂಡ ಚೌಡಯ್ಯನವರ ನಾಡು ಇದು, ಅವರ ಹೆಸರಲ್ಲಿ ಮಲ್ಲೇಶ್ವರದ ಹತ್ರ ಪಿಟೀಲಿನ ಆಕಾರದಲ್ಲೇ ಒಂದು ಹಾಲ್ ಕಟ್ಟಿದೀವಿ.

ಇನ್ನು ನಮ್ಮಂಥವರ ವಿಷಯ. ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಗೆ ಅಧ್ಯಕ್ಷರಾದ್ರು, ಅದು ನಿಮ್ಮ ಇಲಾಖೆದೇ ಅಕಾಡೆಮಿ. 2021ರಲ್ಲಿ ಪದ್ಮಶ್ರೀ ತಗೊಳ್ಳೋಕೆ ರಾಷ್ಟ್ರಪತಿ ಭವನಕ್ಕೆ ಹೋದಾಗ ರಾಷ್ಟ್ರಪತಿಗಳ ಮುಂದೆ ಸೆರಗಿಂದ ದೃಷ್ಟಿ ತೆಗೆದು ಲಟಿಕೆ ಮುರಿದ್ರಲ್ಲ, ಆ ವಿಡಿಯೋ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಲ್ಲೂ ಬಂತು, ದಿನಾ ಟ್ರಾನ್ಸ್ ಜನರ ಬಗ್ಗೆ ಹೊಲಸು ಜೋಕ್ ಕಳಿಸೋರೇ ಕೈ ಮುಗಿಯೋ ಇಮೋಜಿ ಹಾಕಿದ್ರು. ಒಬ್ರನ್ನ ಪೂಜೆ ಮಾಡೋದು ಸುಲಭ ಸರ್, ಹತ್ತೊಂಬತ್ತು ಜನಕ್ಕೆ ಹಾಲ್ ಬಾಡಿಗೆಗೆ ಕೊಡೋದು ಕಷ್ಟ.

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳೋಕೆ ಬಾಯಿ ಬರಲ್ಲ. 2017ರಲ್ಲಿ ಟ್ರಾನ್ಸ್‌ಜೆಂಡರ್ ನೀತಿ ತಂದಿದೀರಿ, 2021ರಲ್ಲಿ ಸರ್ಕಾರಿ ಕೆಲಸದಲ್ಲಿ 1% ಮೀಸಲಾತಿ ಕೊಟ್ರಿ, ದೇಶದಲ್ಲೇ ಮೊದಲು ನಾವೇ. ಟ್ರಾನ್ಸ್ ಜನರಿಗೆ ಮೈತ್ರಿ ಪಿಂಚಣಿ ಇದೆ, ನಮ್ಮ ತಂಡದಲ್ಲೇ ಒಬ್ರಿಗೆ ಬರುತ್ತೆ, ಅದರಿಂದಲೇ ಮನೆ ಬಾಡಿಗೆಯಲ್ಲಿ ಒಂದು ಪಾಲು ಕಟ್ತಾರೆ. ಆದ್ರೆ ನಮ್ಮ ಫೈಲು ಯಾವಾಗ ನೋಡಿದ್ರೂ ಪಿಂಚಣಿ, ಪುನರ್ವಸತಿ, ಸಾಲ, ಇವುಗಳ ಕಪಾಟಲ್ಲೇ ಇರುತ್ತೆ. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟು ನಾವು ಅಪರಾಧಿಗಳಲ್ಲ ಅಂದಾಗಿಂದ ಪೊಲೀಸ್ ಕಪಾಟಿಂದ ಕಲ್ಯಾಣದ ಕಪಾಟಿಗೆ ಪೂರ್ತಿ ಬಂದಂಗಾಯ್ತು. (ಆ ಕೇಸಲ್ಲಿ ಮೊದಲ ಅರ್ಜಿದಾರರು ನವತೇಜ್ ಸಿಂಗ್ ಜೋಹರ್, ಭರತನಾಟ್ಯ ಕಲಾವಿದರು, ಇದನ್ನ ಎಷ್ಟು ಜನ ಗಮನಿಸಿದಾರೋ.) ಅಲ್ಲಿಂದ ನಿಮ್ಮ ಇಲಾಖೆ ಕಪಾಟಿಗೆ ಒಂದೇ ಒಂದು ಫೈಲ್ ಸರಿಸಿ ಅನ್ನೋದು ನನ್ನ ಬೇಡಿಕೆ. ತೆಳ್ಳಗಿನ ಫೈಲು.

ಬ್ಯಾಂಡ್ ಸ್ಟ್ಯಾಂಡೇ ಯಾಕೆ ಅಂದ್ರೆ, ಎಂಟು ಮೂಲೆಯ ಆ ಕಟ್ಟೆ ಮೇಲೆ ಬ್ರಿಟಿಷರ ಕಾಲದಲ್ಲಿ ಬ್ಯಾಂಡ್ ನುಡಿಸ್ತಿದ್ರು, ಅದನ್ನ ಕಟ್ಟಿರೋದೇ ಅದಕ್ಕೆ. ಗೋಡೆ ಇಲ್ಲ, ಗೇಟಲ್ಲಿ ಫ್ಯಾಮಿಲಿ ಆಡಿಯನ್ಸ್ ಯಾರು ಯಾರಲ್ಲ ಅಂತ ನೋಡೋ ಮ್ಯಾನೇಜರ್ ಇಲ್ಲ. ವಾಕಿಂಗ್ ಬಂದೋರು, ನಾಯಿ ಕರ್ಕೊಂಡು ಬಂದೋರು, ಹೈಕೋರ್ಟ್ ಕಡೆಯಿಂದ ಬರೋ ಲಾಯರ್‌ಗಳು, ಮೂಲೆ ಬೆಂಚಲ್ಲಿ ಕೂತ ಜೋಡಿಗಳು, ಯಾರು ಬೇಕಾದ್ರೂ ನಿಂತು ಕೇಳ್ಬಹುದು, ಬೇಡ ಅಂದ್ರೆ ಹೋಗ್ಬಹುದು. ಪಾರ್ಕು ತೋಟಗಾರಿಕೆ ಇಲಾಖೆದು ಅಂತ ಗೊತ್ತು, ಅವರಿಗೆ ಕಳಿಸೋ ಅರ್ಜಿನೂ ರೆಡಿ ಇದೆ, ಆದ್ರೆ ಮಂತ್ರಿಗಳಿಂದ ಮಂತ್ರಿಗಳಿಗೆ ಒಂದು ಫೋನ್ ಹೋದ್ರೆ ಏನಾಗುತ್ತೆ ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಬೇಕಾಗಿರೋದು ಇಷ್ಟೇ. ನವೆಂಬರಿನ ಒಂದು ಶನಿವಾರ, ಸಂಜೆ ನಾಲ್ಕೂವರೆಯಿಂದ ಆರೂವರೆ. ಸೌಂಡ್ ಬಾಕ್ಸ್ ಬೇಡ, ಪಾರ್ಕಲ್ಲಿ ಹಕ್ಕಿಗಳಿವೆ, ನಮಗೂ ಮೈಕ್ ಬೇಡ. ಐವತ್ತು ಕುರ್ಚಿ ನಾವೇ ತರ್ತೀವಿ, ಆಮೇಲೆ ಕಸ ನಾವೇ ಎತ್ತುತೀವಿ, ಪೊಲೀಸ್ ಪರ್ಮಿಷನ್ನಿಗೆ ನಾವೇ ಓಡಾಡ್ತೀವಿ. ನೀವು ಬಂದ್ರೆ ಸಂತೋಷ, ಬರದಿದ್ರೂ ಪರವಾಗಿಲ್ಲ, ಭಾಷಣ ಅಂತೂ ಇಟ್ಕೊಂಡಿಲ್ಲ. ಹಾರ ಶಾಲು ಹಾಕಿಸಿಕೊಳ್ಳೋದೂ ಇಲ್ಲ, ಜೋಗಮ್ಮನಿಗೆ ಒಂದು ಉಡಿ ತುಂಬೋದು ಬಿಟ್ರೆ.

ಈ ಪತ್ರಕ್ಕೆ ನನ್ನ ಹೆಸರು ಹಾಕಿಲ್ಲ ಅನ್ನೋದು ನಿಮ್ಮ ಕಣ್ಣಿಗೆ ಬಿದ್ದಿರುತ್ತೆ, ಹೆಸರು ಹೆಸರು ಅಂತ ಇಷ್ಟುದ್ದ ಬರೆದು ತಾನೇ ಅಡಗಿಕೊಂಡಿದಾನಲ್ಲ ಅಂತ. ಅಮ್ಮನಿಗೆ ಹೇಳಿದೀನಿ, ಆಫೀಸಲ್ಲಿ ಇನ್ನೂ ಹೇಳಿಲ್ಲ ಸರ್. ನಿಮ್ಮ ಕಚೇರಿಗೆ ಕೊಟ್ಟಿರೋ ಪ್ರತಿಯಲ್ಲಿ ಸಹಿ, ವಿಳಾಸ, ಫೋನ್ ನಂಬರ್ ಎಲ್ಲ ಇದೆ. ನವೆಂಬರಲ್ಲಿ ಬ್ಯಾಂಡ್ ಸ್ಟ್ಯಾಂಡ್ ಮೇಲೆ ಎಡಗಡೆಯಿಂದ ಎರಡನೇ ಕುರ್ಚಿಯಲ್ಲಿ ಕೂತರೆ ಆಫೀಸಿನವರಿಗೆ ಬೇರೆ ಹೇಳೋ ಅಗತ್ಯ ಬರಲ್ಲ ಬಿಡಿ.

ಆಹ್ವಾನ ಪತ್ರಿಕೆಯ ಕರಡು ಆ ಪ್ರತಿಯ ಜೊತೆಗೇ ಪಿನ್ ಮಾಡಿದೀನಿ. ಮೇಲೆ ದೊಡ್ಡಕ್ಷರದಲ್ಲಿ ಪ್ರೈಡ್ ಸಂಗೀತ ಸಂಜೆ, ಕೆಳಗೆ ಲೈಂಗಿಕ ಅಲ್ಪಸಂಖ್ಯಾತರ ಆರ್ಕೆಸ್ಟ್ರಾ ಅಂತಿದೆ, ಅದರ ಕೆಳಗೆ "ಸಹಯೋಗ" ಅಂತ ಬರೆದು ಮುಂದೆ ಖಾಲಿ ಬಿಟ್ಟಿದೀನಿ. ಪ್ರೆಸ್ಸಿನವರು ಹದಿನೈದು ದಿನ ಮುಂಚೆ ಕೊಡಿ ಅಂತಾರೆ. ಅಮ್ಮ ಟಿಕೆಟ್ ಬುಕ್ ಮಾಡೋಕೆ ತಾರೀಖು ಕೇಳ್ತಿದಾರೆ.

ಇಂತಿ,
ಪಿಟೀಲಿನವನು,
ಬೆಂಗಳೂರು